ಸುತ್ತಿಟ್ಟ ಮುಖ

ಇಳಕಲ್ಲಿನ ನಮ್ಮ ಮನೆಯೆಂದರೆ ಒಂದೇ ಕೋಣೆ. ಅದರಲ್ಲೂ ಮುಕ್ಕಾಲು ಪಾಲು ಅಪ್ಪನ ಮಗ್ಗದ್ದು. ಉಳಿದದ್ದರಲ್ಲಿ ಒಲೆ, ಅವ್ವನ ನೂಲಿನ ರಾಟಿ, ನಾನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನುತ್ತಾರೆ. ನಮ್ಮಲ್ಲಿ ಹಾಸಿಗೆಯನ್ನೇ ಪೂರ್ತಿ ಬಿಚ್ಚಲಾಗುತ್ತಿರಲಿಲ್ಲ. ಅಂಥ ಮನೆಯಲ್ಲಿ ಆಳೆತ್ತರದ ಚಿತ್ರ ಬರೆಯುತ್ತೇನೆಂದು ಹೊರಟವಳು ನಾನು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅವ್ವನ ಉಬ್ಬಸ ಹೆಚ್ಚಾಗಿ, ಹುನಗುಂದದ ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಮಾತಾಡಿದ್ದರು. ಅವಳದೊಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಶಾಲೆಯಲ್ಲಿ ಚಿತ್ರಕ್ಕೆ ಶಭಾಷ್ ಅನ್ನಿಸಿಕೊಂಡವಳಲ್ಲವೇ, ನಾನೇ ಬರೆಯುತ್ತೇನೆಂದೆ. ಮದುವೆಯ ಸೀರೆ ಪಾದದತನಕ ಬರಬೇಕು ಎಂದಷ್ಟೇ ಅವ್ವ ಹೇಳಿದಳು.

ಅಪ್ಪ ಗಂಜಿ ಹಾಕಿದ ಬಿಳಿ ಬಟ್ಟೆ ಕೊಟ್ಟ. ನಾನು ಬಾಗಿಲಿಗೆ ಹಚ್ಚುವ ಆಯಿಲ್ ಪೇಂಟಿನ ಸಣ್ಣ ಡಬ್ಬಿಗಳನ್ನು ತಂದೆ. ಇಡೀ ಬಟ್ಟೆ ಹರಡಲು ಜಾಗವಿಲ್ಲ, ಹರಡಿದರೂ ಒಲೆಯ ಮಸಿ. ನೇಕಾರನ ಮಗಳಿಗೆ ಇನ್ನೇನು ಹೊಳೆದೀತು? ಅಪ್ಪ ನೇಯ್ದಷ್ಟನ್ನು ಮಗ್ಗದ ಮರಕ್ಕೆ ಸುತ್ತುತ್ತ ಹೋಗುವಂತೆ ನಾನೂ ಮೊಳದಷ್ಟು ಬರೆದು, ಬೆರಳಿಗೆ ಬಣ್ಣ ಹತ್ತದಂತಾದ ಮೇಲೆ ಕೋಲಿಗೆ ಸುತ್ತಿದೆ. ಸಡಿಲವಾದರೆ ಮಡಿಕೆ ಬೀಳುತ್ತದೆಂದು ಅಪ್ಪನೇ ಎಳೆದು ಬಿಗಿ ಮಾಡಿಕೊಟ್ಟ.

ಮೊದಲು ಮುಖ ಬರೆದೆ. ಮೂಗುತಿ, ಎಡಗಣ್ಣಿನ ಕೆಳಗಿನ ಮಚ್ಚೆ, ಎಲ್ಲ ಬಂತು. ಚೆನ್ನಾಗಿ ಕಾಣಲೆಂದು ಮುಖಕ್ಕೆ ಮೂರು ಮೂರು ಸಲ ಬಣ್ಣ ಹಚ್ಚಿದೆ. ಅವ್ವ ಬಗ್ಗಿ ನೋಡಲು ಬಂದರೆ ಅಡ್ಡ ಕೂರುತ್ತಿದ್ದೆ. ಪೂರ್ತಿ ಮುಗಿಸಿ ಒಮ್ಮೆಲೇ ಬೆರಗಾಗಿಸಬೇಕೆಂಬ ಹಮ್ಮು ನನಗೆ.

ಸೀರೆಯ ದಡಿಗೆ ಬರುವಷ್ಟರಲ್ಲಿ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ. ಸೀರೆಯನ್ನು ಹಗ್ಗಕ್ಕೆ ಹಾಕಿ, ಅದನ್ನು ನೋಡಿ ಬರೆದೆ. ಅವಳು ರಾಟಿಯ ಪಕ್ಕ ಮಲಗಿಯೇ ಕೇಳಿದಳು.

“ನನ್ನ ಮಾರಿ ಹೆಂಗ ಬಂದೈತಿ, ಒಮ್ಮೆ ತೋರಸವಾ.”

“ಮಗ್ಗದಾಗಿನ ಅರಿವಿ ಕೊಯ್ಯೂತನಕ ಬಿಚ್ಚಬಾರದು ಅಂತ ಅಪ್ಪ ಹೇಳ್ತಾನಲ್ಲ. ಮುಗದ ಮ್ಯಾಲೆ ನೋಡುವಂತಿ.”

ಮೂರು ಸಲ ಕೇಳಿದಳು. ಮೂರು ಸಲವೂ ಅದನ್ನೇ ಹೇಳಿದೆ. ಪಾದ ಎರಡು ಬಾಕಿ ಇರುವಾಗ ತೀರಿಕೊಂಡಳು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಗೋಡೆಗೆ ಹಾಕೋಣವೆಂದು ಅಪ್ಪನೂ ನಾನೂ ಸುತ್ತು ಬಿಚ್ಚಿದೆವು. ದಡಿ ಬಂತು, ಸೆರಗು ಬಂತು, ಕೈಬಳೆ ಬಂದವು. ಕೊನೆಯ ಸುತ್ತು ಬಿಡಲೊಲ್ಲದು. ಎಳೆದಾಗ ಪರ್ರೆಂದಿತು. ಮೇಲೆ ಒಣಗಿದ್ದ ಬಣ್ಣ ಒಳಗೆ ಹಸಿಯೇ ಇತ್ತು. ಮುಖ ಕಿತ್ತು ಮೇಲಿನ ಸುತ್ತಿನ ಬಟ್ಟೆಯ ಬೆನ್ನಿಗೆ ಅಂಟಿಕೊಂಡಿತ್ತು. ಮೂಗುತಿ ಮಾತ್ರ ತನ್ನ ಜಾಗದಲ್ಲಿ ಉಳಿದಿತ್ತು.

ಬಿಗಿಯಾಗಿ ಎಳೆದವನು ತಾನು, ತಪ್ಪು ತನ್ನದೇ ಎಂದು ಅಪ್ಪ ಅತ್ತ. ಅವಳು ಮೊದಲ ಸಲ ಕೇಳಿದಾಗಲೇ ಬಿಚ್ಚಿದ್ದರೆ ಹಸಿ ಇರುವುದು ಗೊತ್ತಾಗುತ್ತಿತ್ತು. ಮುಖ ಉಳಿಯುತ್ತಿತ್ತು. ಅವ್ವ ನೋಡುತ್ತಿದ್ದಳು.