ಗೋಳದ ಅಂಚಿನಲ್ಲಿ ಕುಂಕುಮ

ಆಯುಧಪೂಜೆ ಕಳೆದು ಬಂದ ಭಾನುವಾರ ಲಿಂಗರಾಜಪುರದ ಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದೆ, ಫೋನು ಬಂತು. ಬಾಣಸವಾಡಿಯ ನಮ್ಮ ಯೂನಿಟ್ಟಿನ ಮಾಲೀಕರು, “ಒಂದು ಗೋಳದೊಳಗೆ ನೀರು ನುಗ್ಗಿದೆ, ಬನ್ನಿ” ಎಂದರು. ಗ್ರೈಂಡರ್ ನಿಲ್ಲಿಸಿ, ಕೈ ತೊಳೆದು ಹೊರಟೆ.

ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ ನಾನು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳು ಅವು. ಜೋಡಣೆ ಮೇಜಿನ ಹೆಂಗಸರನ್ನು ನೋಡಿಕೊಳ್ಳುವುದು ನನ್ನ ಪಾಲಿನದು. ಬ್ರಹ್ಮಾಂಡದ ಯಾವುದೋ ಮೂಲೆಯಿಂದ ನ್ಯೂಟ್ರಿನೋ ಎಂಬ ಕಣಗಳು ಬರುತ್ತವೆ. ನಮ್ಮ ಮೈಯನ್ನೂ ಭೂಮಿಯನ್ನೂ ತೂರಿಕೊಂಡು ಹೊರಟೇ ಹೋಗುತ್ತವೆ. ಎಲ್ಲೋ ಅಪರೂಪಕ್ಕೊಂದು ನೀರಿನಲ್ಲಿ ಡಿಕ್ಕಿ ಹೊಡೆದರೆ ತೀರ ಮಂಕಾದ ನೀಲಿ ಬೆಳಕು ಹುಟ್ಟುತ್ತದೆ. ಅದನ್ನು ಹಿಡಿಯಲು ವಿಜ್ಞಾನಿಗಳು ಆಳ ಸಮುದ್ರದ ಕತ್ತಲಿಗೆ, ಕೇಬಲ್ಲಿಗೆ ಸಾಲಾಗಿ ಕಟ್ಟಿದ ಗಾಜಿನ ಗೋಳಗಳನ್ನು ಇಳಿಬಿಡುತ್ತಾರೆ. ಅದೇ ಅವರ ಟೆಲಿಸ್ಕೋಪು. ಪ್ರತಿ ಗೋಳದೊಳಗೂ ಬೆಳಕು ಗುರುತಿಸುವ ಸೆನ್ಸರ್. ಎರಡು ಅರ್ಧಗೋಳಗಳ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ, ಕೂಡಿಸಿ, ಒಳಗಿನ ಗಾಳಿ ಎಳೆದು ಮುಚ್ಚುವುದು ನಮ್ಮ ಕೆಲಸ.

ಒತ್ತಡದ ಟ್ಯಾಂಕಿನಲ್ಲಿ ಪರೀಕ್ಷೆಗೆ ಇಟ್ಟಾಗ ಒಂದು ಗೋಳ ಸೋರಿ, ಸೆನ್ಸರ್ ಹಾಳಾಗಿತ್ತು. ಬಿಚ್ಚಿ ನೋಡಿದರೆ ಅಂಚಿನಲ್ಲಿ ಕೆಂಪು ಪುಡಿ ಉಳಿದು, ಎರಡು ಅರ್ಧಗಳು ಬಿಗಿಯಾಗಿ ಕೂಡಿರಲಿಲ್ಲ. ಪೂಜೆಯ ದಿನ ಮಾಲೀಕರ ತಾಯಿ ಎಲ್ಲ ಅರ್ಧಗೋಳಗಳಿಗೂ ಕುಂಕುಮ ಇಟ್ಟಿದ್ದರು. ಮಾರನೆಯ ದಿನ ಅದನ್ನು ಒರೆಸಿದವಳು ಗಂಗಮ್ಮ. ರಾಯಚೂರು ಕಡೆಯವಳು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ಬಾಡಿಗೆ ಕೋಣೆಯಲ್ಲಿ, ಈ ಸಂಬಳ ಒಂದರಲ್ಲೇ ಬದುಕುತ್ತಿದ್ದಳು. ಅವಳನ್ನೂ ಕರೆಸಿದ್ದರು.

“ಸ್ಪಿರಿಟ್ ಹಾಕಿ ಒರೆಸ್ಲಿಲ್ವಾ?” ಮಾಲೀಕರು ಕೇಳಿದರು.

“ಕುಂಕುಮಕ್ಕ ಸ್ಪಿರಿಟ್ ಹೆಂಗ ಹಚ್ಚಲ್ರೀ ಸರ್? ಒಣಾ ಬಟ್ಟಿಲೆ ತಗದು ಕಣ್ಣಿಗೆ ಒತ್ಕೊಂಡೀನ್ರೀ.”

“ನಾಳೆಯಿಂದ ಬರ್ಬೇಡಮ್ಮ.”

ಗಂಗಮ್ಮ ಅಳಲಿಲ್ಲ. ಸೆರಗಿನ ತುದಿ ಮಡಿಸುತ್ತಾ ನಿಂತಳು. ನನಗೂ ಏನೂ ಅನ್ನಿಸಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ಬಾಯಿ ಮಾತ್ರ ಆಡಿತು: “ಸಾರ್, ನಾನಾಗಿದ್ರೂ ಹಂಗೇ ಒರೆಸ್ತಿದ್ದೆ.”

“ಲಲಿತಮ್ಮ, ನೀವು ಸುಮ್ನಿರಿ.”

ಮೂಲೆಯ ಕುರ್ಚಿಯಲ್ಲಿದ್ದ ಅವರ ತಾಯಿ ಕನ್ನಡಕ ತೆಗೆದರು. “ಕುಂಕುಮ ಇಟ್ಟೋಳು ನಾನು ಕಣೋ. ನಾಳೆಯಿಂದ ನಂಗೂ ರಜಾನಾ? ಹಂಗಾದ್ರೆ ಬೆಳಗ್ಗೆ ಕಾಫಿ ನೀನೇ ಮಾಡ್ಕೋ.”

ಮಾಲೀಕರು ಒದ್ದೆಯಾದ ಸೆನ್ಸರನ್ನು ಮೇಜಿನ ಮೇಲಿಟ್ಟು ನಮ್ಮ ಕಡೆ ತಿರುಗಿದರು.

“ಪೂಜೆ ಆದ್ಮೇಲೆ ಮುಚ್ಚಿದ್ದನ್ನೆಲ್ಲಾ ಬಿಚ್ಬೇಕು. ಗಂಗಮ್ಮ, ನಾಳೆ ಬೇಗ ಬಾ. ಸ್ಪಿರಿಟ್ಟಲ್ಲೇ ಒರೆಸ್ಬೇಕು.”

“ಆತ್ರೀ ಸರ್.”

ಸೋರಿದ್ದು ಟ್ಯಾಂಕಿನಲ್ಲಿ, ಸಮುದ್ರದಲ್ಲಿ ಅಲ್ಲ. ಗಂಗಮ್ಮನ ಕೆಲಸ ಉಳಿಯಿತು. ದೇವರು ಅಷ್ಟು ದಯೆ ತೋರಿದ. ದೇವರ ಮನೆಗೊಂದು ಮಡಿಯಿದ್ದರೆ ಕೆಲಸದ ಮೇಜಿಗೂ ಒಂದು ಮಡಿಯಿದೆ, ಅದು ಸ್ಪಿರಿಟ್ಟಿನದು ಎಂದು ಅಂದು ತಿಳಿದುಕೊಂಡೆ. ಮುಂದಿನ ವರ್ಷದಿಂದ ಕುಂಕುಮ ಬಾಗಿಲ ಚೌಕಟ್ಟಿಗಷ್ಟೇ ಬಿತ್ತು.

ಆ ಭಾನುವಾರ ಮನೆಗೆ ಹೊರಟ ಬಸ್ಸಿನಲ್ಲಿ ಕೂತು, ಈಗಲಾದರೂ ಸಮಾಧಾನ ಬಂದೀತು ಎಂದು ಕಾದೆ. ಬರಲಿಲ್ಲ, ಒಳಗಿನ ಜೋಮು ಹಾಗೇ ಇತ್ತು. ಮನೆ ತಲುಪಿದಾಗ ಕಾವೇರಿ ನೀರು ಬಿಟ್ಟಿದ್ದರು. ಡ್ರಮ್ಮಿಗೆ ಪೈಪು ಹಾಕಿ, ಅದು ತುಂಬುವವರೆಗೂ ನಿಂತೆ.