ಹುಷಾರಮ್ಮ ಬಾಯಿ ಕಟ್ಟಿದ ದಿನ

ಶಿಶುವಿಹಾರದ ಆಯಾಗೆ ಹುಷಾರಮ್ಮ ಎಂದು ಹೆಸರಿಟ್ಟವರು ಮಕ್ಕಳೇ. ಇಡದೆ ಇನ್ನೇನು! ಜಾರುಬಂಡೆ ಹತ್ತಿದರೆ ಹುಷಾರು, ಕಲ್ಲು ದಾಟಿದರೆ ಹುಷಾರು, ಕೆಸರು ಕಂಡರೂ ಹುಷಾರು. ಸಂಜೆ ಬೀಗ ಹಾಕುವವರೆಗೂ ಆ ಬಾಯಿಗೆ ಬಿಡುವೆಂಬುದಿರಲಿಲ್ಲ. ತನ್ನ ಕಣ್ಣೆದುರು ಒಂದು ಮಗುವಿನ ಮಂಡಿಯೂ ತರಚಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದಳು.

ಅಂಥವಳಿಗೆ ಬಾಯಿ ಮುಚ್ಚಿಕೊಂಡು ಕೂರಿ ಅಂದದ್ದು ಸಂಶೋಧನೆಗೆಂದು ಬಂದ ಮೇಡಂ. ಮಣ್ಣು, ಮರ, ಹುಳುಹುಪ್ಪಟೆಗಳ ಜೊತೆ ಮಕ್ಕಳು ತಾವಾಗಿಯೇ ಹೇಗೆ ಆಡುತ್ತಾರೆಂದು ನೋಡುವುದು ಆಕೆಯ ಕೆಲಸ. ಹಿತ್ತಲಲ್ಲಿ ತೆಗೆದ ವಿಡಿಯೊ ತೋರಿಸಿದಳು.

"ನೋಡಿ ಅಮ್ಮ, ನೀವು ಕೂಗಿದಾಗೆಲ್ಲ ಮಗು ಕೊಂಬೆ ನೋಡೋದು ಬಿಟ್ಟು ನಿಮ್ಮ ಮುಖ ನೋಡುತ್ತೆ. ಕಾಲು ತಪ್ಪೋದು ಆಗ್ಲೇ."

"ಅಂದ್ರೆ ನಾನೇ ಬೀಳಿಸ್ತೀನಿ ಅಂತೀರಾ?" ಹುಷಾರಮ್ಮನ ಮೈ ಉರಿದುಹೋಯಿತು. ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದು ಹೇಗೆ? ಗೊಣಗುತ್ತಲೇ ಒಪ್ಪಿದಳು.

ಮಾರನೆಯ ದಿನ ಮರ ಹತ್ತಿದ್ದು ಬೇರೆ ಯಾರೂ ಅಲ್ಲ, ಅವಳದೇ ಮೊಮ್ಮಗಳು. "ಅಮ್ಮಾ, ನಿನ್ನ ನಂಬಿ ಬಿಟ್ಟು ಹೋಗ್ತಿದೀನಿ" ಎಂದು ಮಗಳು ಕೆಲಸಕ್ಕೆ ಹೋಗಿದ್ದಳು. ಆ ಪುಟ್ಟ ಪಿಶಾಚಿಯೋ, ಯಾವ ಮಗುವೂ ಹೋಗದಷ್ಟು ಮೇಲೆ ಹೋಗಿ, ಇಳಿಯಲು ಒಂದು ಕಾಲು ಕೆಳಗೆ ಚಾಚಿತು. ಕೊಂಬೆ ಸಿಗಲಿಲ್ಲ. ಕಾಲು ಗಾಳಿಯಲ್ಲಿ ತಡಕಾಡಿತು.

ಹುಷಾರಮ್ಮ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಮಗುವಿನ ಬೆನ್ನ ಹಿಂದಿನಿಂದ ಮರದಡಿಗೆ ಬಂದು ಕೈಯೊಡ್ಡಿ ನಿಂತಳು. ಹುಷಾರು ಎಂಬ ಮಾತು ಹಲ್ಲಿಗೆ ಬಂದು ಒದೆಯುತ್ತಿತ್ತು. ಕೂಗಿದರೆ ಮಗು ತಿರುಗುತ್ತದೆ, ತಿರುಗಿದರೆ ಮುಗಿಯಿತು.

ಪಕ್ಕಕ್ಕೆ ಓಡಿಬಂದ ಮೇಡಂ ಮುಖ ಬಿಳಿಚಿಕೊಂಡಿತ್ತು. "ಅಯ್ಯೋ, ಪು—" ಎಂದು ಬಾಯಿ ತೆರೆದದ್ದೇ ತಡ, ಹುಷಾರಮ್ಮ ಒಂದು ಕೈಯಿಂದ ಆ ಬಾಯನ್ನು ಗಬಕ್ಕನೆ ಮುಚ್ಚಿದಳು. ಇನ್ನೊಂದು ಕೈ ಮಗುವಿನತ್ತ ಚಾಚಿಯೇ ಇತ್ತು.

ಮೇಲೆ ಕಾಲು ಮತ್ತೆ ಜಾರಿತು, ಮಂಡಿ ತೊಗಟೆಗೆ ಉಜ್ಜಿತು. ಆಮೇಲೆ ಹೆಬ್ಬೆರಳಿಗೆ ಕೊಂಬೆ ಸಿಕ್ಕಿತು. ಒಂದೊಂದೇ ಕೊಂಬೆ ಹಿಡಿದು ಮಗು ನೆಲಕ್ಕಿಳಿಯಿತು.

"ಅಜ್ಜೀ! ನೀನು ಇಲ್ಲೇ ಇದ್ಯಾ?"

"ಇದ್ನಲ್ಲೇ, ನನ್ನ ಬಂಗಾರ."

"ಮತ್ತೆ ಹುಷಾರು ಅನ್ಲೇ ಇಲ್ಲ! ನೀನಿಲ್ಲ ಅಂದ್ಕೊಂಡು ನಂಗೆ ನಾನೇ ಹೇಳ್ಕೊಂಡು ಇಳಿದೆ. ನೋಡು, ಗಾಯ ಬೇರೆ ಆಗಿದೆ!" ತರಚಿದ ಮಂಡಿಯನ್ನು ಬಹುಮಾನ ಬಂದವಳ ಹಾಗೆ ಮುಂದೆ ಚಾಚಿದಳು.

ಹುಷಾರಮ್ಮ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು, ಆ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೊಳೋ ಎಂದು ಅತ್ತಳು.