ಅತ್ತೆಯ ಜೊತೆ ಒಂದೇ ಟೆಂಟಿನಲ್ಲಿ

ಹಿಮಾಲಯದ ಚಾರಣಕ್ಕೆ ಹೆಸರು ಕೊಟ್ಟಿದ್ದು ನಾನು ಮತ್ತು ನನ್ನ ಗಂಡ. ಹೊರಡಲು ಇನ್ನೂ ಕೆಲವು ವಾರಗಳಿರುವಾಗ ಆಫೀಸಿನಲ್ಲಿ ಅವರ ರಜೆ ರದ್ದಾಯಿತು. ಜಯನಗರದ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು, ಅವರ ಜಾಗಕ್ಕೆ ನನ್ನ ಯಾವ ಗೆಳತಿಯನ್ನು ಕರೆಯುವುದೆಂದು ಯೋಚಿಸುತ್ತಿದ್ದೆವು. ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆ ತಲೆ ಎತ್ತದೆ, "ನಾನು ಬರ್ತೀನಿ" ಅಂದರು.

ಗಂಡ ನಕ್ಕರು. "ಅಮ್ಮ, ಇದು ಧರ್ಮಸ್ಥಳದ ಟ್ರಿಪ್ ಅಲ್ಲ. ಹಿಮದಲ್ಲಿ ಬೆಟ್ಟ ಹತ್ತಬೇಕು."

"ಗೊತ್ತಪ್ಪ. ಇಷ್ಟು ದಿನದಿಂದ ನೀವಿಬ್ರೂ ಅದೇ ಮಾತಾಡ್ತಿದ್ದೀರಲ್ಲ, ಕೇಳಿಸ್ಕೊಂಡಿದ್ದೀನಿ."

ನನಗೆ ನಗು ಬರಲಿಲ್ಲ. ಅತ್ತೆಗೂ ನನಗೂ ಜಗಳವೇನಿರಲಿಲ್ಲ. ಆದರೆ ವರ್ಷಗಟ್ಟಲೆ ಒಂದೇ ಮನೆಯಲ್ಲಿದ್ದರೂ ನಮ್ಮ ಮಾತು ಹಾಲು, ಕುಕ್ಕರು, ಕೆಲಸದವಳು ಬಂದಳೋ ಇಲ್ಲವೋ ಎನ್ನುವುದನ್ನು ದಾಟುತ್ತಿರಲಿಲ್ಲ. ಒಂದು ವಾರ ಒಂದೇ ಟೆಂಟಿನಲ್ಲಿ ಏನು ಮಾತಾಡುವುದು? ಡಾಕ್ಟರಾದರೂ ಬೇಡವೆನ್ನಲಿ ಎಂಬ ಆಸೆ ಒಳಗೊಳಗೇ ಇತ್ತು. ಅರವತ್ತು ದಾಟಿದ ಅತ್ತೆ ಟ್ರೆಡ್‌ಮಿಲ್ ಮೇಲೆ ನಡೆದು ಇಳಿದಾಗ ಡಾಕ್ಟರು ನನ್ನ ಕಡೆ ತಿರುಗಿ, "ಇವರದ್ದು ಚೆನ್ನಾಗಿದೆ. ನಿಮ್ಮದೂ ಒಂದ್ಸಲ ನೋಡ್ಬಿಡೋಣ" ಅಂದರು.

ಅಭ್ಯಾಸ ಶುರುವಾಯಿತು. ಭಾನುವಾರ ತುರಹಳ್ಳಿ ಗುಡ್ಡ, ಉಳಿದ ದಿನ ನಮ್ಮ ಕಟ್ಟಡದ ಮೆಟ್ಟಿಲು. ಅತ್ತೆ ಸೀರೆ ಬಿಟ್ಟು ಪ್ಯಾಂಟು ಹಾಕಿಕೊಂಡರು, ಬೆನ್ನಚೀಲಕ್ಕೆ ಅಕ್ಕಿಯ ಪ್ಯಾಕೆಟ್ ತುಂಬಿಕೊಂಡರು. ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಎದುರಾಗಿ, "ಏನ್ ಆಂಟಿ, ಊರಿಗೆ ಹೊರಟ್ರಾ?" ಎಂದು ಕೇಳಿದರೆ, "ಇಲ್ಲಮ್ಮ, ಟೆರೇಸಿಗೆ" ಎಂದು ಗಂಭೀರವಾಗಿ ಹೇಳಿ ಮುಂದೆ ಹತ್ತುತ್ತಿದ್ದರು.

ಚಾರಣ ಶುರುವಾಗುವ ಉತ್ತರಾಖಂಡದ ಹಳ್ಳಿಯಲ್ಲಿ ನಮ್ಮ ಗೈಡ್ ಕಾದಿದ್ದ. ಅಲ್ಲಿಯವನೇ, ಮೆಲುಮಾತಿನವನು. ಅತ್ತೆಯನ್ನು ನೋಡಿದವನೇ ಕೈಮುಗಿದು "ಮಾತಾಜಿ" ಎಂದ. "ಮಾತಾಜಿ ನಹೀ. ಆಂಟಿ" ಎಂದು ಅತ್ತೆ ತಮಗೆ ಬರುವ ಹಿಂದಿಯಲ್ಲೇ ತಿದ್ದಿದರು. ಅವತ್ತಿನಿಂದ, ಬೆಂಗಳೂರಿನಿಂದಲೇ ಬಂದಿದ್ದ ತಂಡದ ಹುಡುಗರಿಗೆಲ್ಲ ಅವರು ಆಂಟಿ. ನಡೆಯುವಾಗ ಗೈಡ್ ತನ್ನ ಬೆನ್ನಿಗೇ ಅವರನ್ನು ಇಟ್ಟುಕೊಂಡ. ಅವರ ನಡಿಗೆ ಎಷ್ಟೋ ತಂಡದ ನಡಿಗೆ ಅಷ್ಟೇ ಎಂದು ಎಲ್ಲರಿಗೂ ಹೇಳಿದ.

ಅತ್ತೆಗೆ ಹೊರಗಿನ ಊಟ ಸೇರದೆಂದು ನಾನು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಹೊತ್ತು ತಂದಿದ್ದೆ. ಅವರು ಮುಟ್ಟಲಿಲ್ಲ. "ಅದು ಮನೇಲಿ ಇದ್ದೇ ಇದೆ. ಇವ್ರು ಏನ್ ಮಾಡಿದಾರೋ ನೋಡೋಣ" ಎಂದು ತಟ್ಟೆ ಹಿಡಿದು ಅಡುಗೆ ಟೆಂಟಿನ ಮುಂದೆ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದರು. ಮೊದಲ ಸಂಜೆಯೇ, ಮಲಗುವ ಚೀಲದೊಳಗೆ ಕತ್ತಿನವರೆಗೆ ಹೊಕ್ಕು, ಅವರು ಹೇಳಿದರು: "ಮದುವೆ ಆದ್ಮೇಲೆ, ನಾಳೆ ಏನ್ ತಿಂಡಿ ಅಂತ ಯೋಚ್ನೆ ಮಾಡ್ದೆ ಮಲ್ಗಿದ್ದು ಇದೇ ಮೊದಲು ಕಣೆ."

"ನಂಗೂ ಅಷ್ಟೇ ಅತ್ತೆ."

ಇಬ್ಬರೂ ನಕ್ಕೆವು. ಆಮೇಲೆ ಮಾತಿಗೆ ಬರವಿರಲಿಲ್ಲ. ಚಿಕ್ಕವರಿದ್ದಾಗ ಶ್ರೀರಂಗಪಟ್ಟಣದ ಹೊಳೆಯಲ್ಲಿ ಅಣ್ಣಂದಿರ ಜೊತೆ ಈಜು ಕಲಿತದ್ದನ್ನು ಹೇಳಿದರು. ಅವರಿಗೆ ಈಜು ಬರುತ್ತದೆಂದು ಅವರ ಮಗನಿಗೇ ಗೊತ್ತಿರಲಿಲ್ಲ. ಮದುವೆಯ ಹೊಸದರಲ್ಲಿ ಅವರನ್ನು ಕಂಡರೆ ಭಯವಾಗುತ್ತಿತ್ತು ಎಂದು ನಾನು ಹೇಳಿದೆ. "ನಂಗೂ ಭಯ ಇತ್ತು. ನೀನು ಬರೀ ಇಂಗ್ಲಿಷಲ್ಲೇ ಮಾತಾಡ್ತೀಯೇನೋ ಅಂತ" ಅಂದರು.

ಕೊನೆಯ ಕ್ಯಾಂಪು ಮುಟ್ಟಿದ ಮಧ್ಯಾಹ್ನ ನನ್ನ ತಲೆ ಸಿಡಿಯತೊಡಗಿತು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಗೈಡ್ ನನ್ನ ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಸಿಕ್ಕಿಸಿ, ಅದರತ್ತ ನೋಡಿ ತಲೆಯಾಡಿಸಿದ. ಎತ್ತರ ನನಗೆ ಒಗ್ಗಿಲ್ಲ, ಈಗಲೇ ಕೆಳಗಿನ ಕ್ಯಾಂಪಿಗೆ ಇಳಿಯಬೇಕು ಎಂದ. ಮರುದಿನ ಉಳಿದವರು ಶಿಖರಕ್ಕೆ ಹೋಗುವುದಿತ್ತು. ಅತ್ತೆ ನನ್ನ ಜೊತೆ ಇಳಿಯುತ್ತಾರೆ ಎಂದೇ ನಾನು ತಿಳಿದಿದ್ದೆ. ಗೈಡ್ ಹೇಳಿದ್ದು ಪೂರ್ತಿ ಅರ್ಥವಾಗದೆ ಅವರು ನನ್ನನ್ನೇ ನಡುವೆ ದುಭಾಷಿಯಾಗಿ ನಿಲ್ಲಿಸಿಕೊಂಡರು.

"ನಿನ್ನ ಜೊತೆ ಯಾರಿರ್ತಾರೆ ಕೇಳು."

ಕೇಳಿದೆ. ತಂಡದ ಎರಡನೆಯ ಗೈಡ್, ಅನುಭವಸ್ಥೆ, ನನ್ನ ಜೊತೆ ಇಳಿದು ಅಲ್ಲೇ ಉಳಿಯುತ್ತಾಳೆ ಎಂದ.

"ಇಳಿದ್ರೆ ಸರಿ ಹೋಗುತ್ತಂತಾ?"

ಸಾಮಾನ್ಯವಾಗಿ ಹೋಗುತ್ತದೆ, ಹೋಗದಿದ್ದರೆ ಇನ್ನೂ ಕೆಳಗೆ ಕರೆದೊಯ್ಯುತ್ತಾಳೆ ಎಂದ.

"ಹಾಗಾದ್ರೆ ನಾನು ಮೇಲೆ ಹೋಗ್ಬರ್ತೀನಿ ಅಂತ ಹೇಳು."

ಅದನ್ನೂ ನಾನೇ ಹಿಂದಿ ಮಾಡಿ ಹೇಳಿದೆ.

ಇಳಿಯುವಾಗ ದಾರಿಯುದ್ದಕ್ಕೂ ಮನಸ್ಸು ಮುದುಡಿಕೊಂಡಿತ್ತು. ಬಾಯಿಮಾತಿಗಾದರೂ 'ನಾನೂ ಬರಲಾ' ಎನ್ನಬಾರದಿತ್ತೇ ಎನಿಸಿತು. ಆದರೆ ಕತ್ತಲಾಗುವಷ್ಟರಲ್ಲಿ ತಲೆನೋವು ಇಳಿಯಿತು, ಬಿಸಿ ಸೂಪು ಒಳಗೆ ನಿಂತಿತು, ನಿದ್ದೆಯೂ ಬಂತು. ಮರುದಿನ ಬಿಸಿಲಿಗೆ ಬಂಡೆಯ ಮೇಲೆ ಕೂತು ಮೇಲಿನ ಹಿಮದ ಇಳಿಜಾರನ್ನೇ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಚುಕ್ಕಿಗಳಂತೆ ಜನ ಕಂಡರು. ಗೈಡ್ ಮೊದಲು ಜಾರಿ ದಾರಿ ಮಾಡಿದ. ಒಬ್ಬೊಬ್ಬರೇ ಕೂತು ಅವನ ಹಿಂದೆ ಜಾರತೊಡಗಿದರು. ನಡುವೆ ಒಂದು ಕೆಂಪು ಜಾಕೆಟ್ ಎರಡೂ ಕೈ ಮೇಲೆತ್ತಿ, ಕೂಗುತ್ತಾ, ಎಲ್ಲರಿಗಿಂತ ಜೋರಾಗಿ ಜಾರಿ ಬಂತು. ನನ್ನ ಅತ್ತೆ.

ಎದ್ದು ಹಿಮ ಕೊಡವಿಕೊಂಡು ನೇರ ನನ್ನ ಬಳಿ ಬಂದು ಹಣೆ ಮುಟ್ಟಿ ನೋಡಿದರು. "ತಲೆನೋವು ಹೋಯ್ತಾ?"

"ಹೋಯ್ತು. ಮೇಲೆ ಹೇಗಿತ್ತು ಅತ್ತೆ?"

"ಸಖತ್ತಾಗಿತ್ತು." ಆ ಮಾತು ತಂಡದ ಹುಡುಗರಿಂದ ಕಲಿತದ್ದು. "ಸುತ್ತ ಎಲ್ಲಿ ನೋಡಿದ್ರೂ ಬೆಳ್ಳಗೆ ಬೆಟ್ಟ. ನಂಗೆ ಅಳುನೇ ಬಂತು. ನೀನೂ ಇರಬೇಕಿತ್ತು."

ಅವರ ಮುಖ ನೋಡಿದ ಮೇಲೆ ನನ್ನ ಮುನಿಸು ಉಳಿಯಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಗಂಡ ಎಲ್ಲ ಕೇಳಿ, "ಏನಮ್ಮ, ಹುಷಾರಿಲ್ಲದೋಳನ್ನ ಬಿಟ್ಟು ಹೋದ್ಯಾ?" ಅಂದರು.

"ನೋಡ್ಕೊಳೋರು ಇದ್ರು. ನಾನು ಪಕ್ಕದಲ್ಲಿ ಕೂತಿದ್ರೆ ಇವಳ ತಲೆನೋವು ಬೇಗ ಹೋಗ್ತಿತ್ತಾ? ಇಬ್ರಲ್ಲಿ ಒಬ್ರಾದ್ರೂ ನೋಡ್ಕೊಂಡು ಬಂದ್ವಲ್ಲ."

ಆ ಮಾತು ನನ್ನಲ್ಲಿ ಉಳಿಯಿತು. ಕೆಲವು ತಿಂಗಳ ನಂತರ ಗೆಳತಿಯರ ಜೊತೆ ನಂದಿಬೆಟ್ಟಕ್ಕೆ ಹೊರಟಿದ್ದ ದಿನ ಅತ್ತೆಗೆ ಜ್ವರ ಬಂತು. ಬರುವುದಿಲ್ಲವೆಂದು ಹೇಳಲು ಫೋನ್ ತೆಗೆದೆ. "ಮಾತ್ರೆ ತಗೊಂಡಿದ್ದೀನಿ, ನಿನ್ನ ಗಂಡ ಮನೇಲೇ ಇದಾನೆ. ಹೋಗ್ಬಾ" ಅಂದರು. ಹೋದೆ. ಸಂಜೆ ಬಂದಾಗ ಜ್ವರ ಬಿಟ್ಟಿತ್ತು. ಮಗ ಮಾಡಿದ ಗಂಜಿ ತಳ ಹತ್ತಿತ್ತಂತೆ. "ಆದ್ರೂ ಎರಡು ಲೋಟ ಕುಡಿದೆ" ಅಂದರು ಅತ್ತೆ.